ಮೂರು ಸಾವಿರ ಸುತ್ತಿನಲ್ಲಿ ಸಿಗುವ ಬಲ

ತೊಂಬತ್ತರ ದಶಕದ ನಡುಭಾಗದ ಬುಲೆಟ್ 350 ಗಾಡಿಯ ಬಗ್ಗೆ ಎರಡು ಮಾತು ಮೂವತ್ತು ವರ್ಷಗಳಿಂದ ಚಾಲ್ತಿಯಲ್ಲಿವೆ. ದೂರದ ದಾರಿಗೆ ಅದರಂಥ ಗಾಡಿ ಇನ್ನೊಂದಿಲ್ಲ ಎನ್ನುವುದು ಒಂದು ಮಾತು. ಅಷ್ಟು ದೊಡ್ಡ ಎಂಜಿನ್ ಇಟ್ಟುಕೊಂಡು ಬರೀ 18 ಬಿಎಚ್‌ಪಿ ಕೊಡುವ ಗಾಡಿಗೆ ಇಷ್ಟು ಹೊಗಳಿಕೆ ಏಕೆ ಎನ್ನುವುದು ಇನ್ನೊಂದು. ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಿ ಈ ವಾದ ಇವತ್ತಿಗೂ ಜೀವಂತವಾಗಿದೆ. ಒಂದು ಪಕ್ಕಕ್ಕೆ ತುಮಕೂರು ರಸ್ತೆ, ಇನ್ನೊಂದು ಪಕ್ಕಕ್ಕೆ ಪೀಣ್ಯದ ಲೇತ್ ಅಂಗಡಿಗಳು. ಗಾಡಿ ಓಡಿಸಿ ನೋಡಲೂ ಜಾಗವಿದೆ, ಬಿಚ್ಚಿ ಅಳೆದು ನೋಡಲೂ ಜನರಿದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ಹೇಳಿ ನುಣುಚಿಕೊಳ್ಳುವುದು ನನಗೆ ಬೇಕಿಲ್ಲ. ಮೊದಲನೆಯವರ ಮಾತೇ ಹೆಚ್ಚು ಸರಿ ಎಂಬುದು ನನ್ನ ನಿಲುವು. ಆದರೆ ಅವರು ಸಾಮಾನ್ಯವಾಗಿ ಕೊಡುವ ಕಾರಣಗಳು ಸರಿಯಲ್ಲ. ನಿಜವಾದ ಕಾರಣ ಅಂಕಿಗಳಲ್ಲೇ ಇದೆ.

ಮೊದಲು ಅಂಕಿಗಳನ್ನೇ ನೋಡೋಣ. ಒಂದೇ ಸಿಲಿಂಡರ್, ಗಾಳಿಯಿಂದ ತಂಪಾಗುವ ಎಂಜಿನ್, ಪುಶ್‌ರಾಡ್‌ಗಳಿಂದ ತೆರೆಯುವ ವಾಲ್ವ್. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿಸಿ. ಕಂಪ್ರೆಶನ್ ಆರೂವರೆ–ಏಳರ ಆಸುಪಾಸು. ನಿಮಿಷಕ್ಕೆ 5625 ಸುತ್ತಿನಲ್ಲಿ 18 ಬಿಎಚ್‌ಪಿ. ಟಾರ್ಕ್ ಸುಮಾರು 27 ನ್ಯೂಟನ್ ಮೀಟರ್, ಅದೂ 3000 ಸುತ್ತಿನ ಹತ್ತಿರದಲ್ಲೇ. ನಾಲ್ಕು ಗೇರ್, ಬಲಗಾಲಿಗೆ ಗೇರ್, ಎಡಗಾಲಿಗೆ ಹಿಂದಿನ ಬ್ರೇಕ್. 19 ಇಂಚಿನ ಚಕ್ರ, ಎರಡೂ ಕಡೆ ಡ್ರಮ್ ಬ್ರೇಕ್, ತೂಕ 163 ಕಿಲೋ ಆಸುಪಾಸು, ಟ್ಯಾಂಕ್ ಹದಿನಾಲ್ಕೂವರೆ ಲೀಟರ್. ಇದರ ಅಣ್ಣ ಬುಲೆಟ್ 500ರಲ್ಲಿ ಸ್ಟ್ರೋಕ್ ಅದೇ 90, ಬೋರ್ ಮಾತ್ರ 84; 499 ಸಿಸಿಗೆ 22 ಬಿಎಚ್‌ಪಿ. 1955ರಲ್ಲಿ ಮದ್ರಾಸಿನಲ್ಲಿ ಬ್ರಿಟಿಷ್ ಕಂಪನಿಯ ಸಹಭಾಗಿತ್ವದಿಂದ ಶುರುವಾದ ಎನ್‌ಫೀಲ್ಡ್ ಇಂಡಿಯಾ 1994ರಲ್ಲಿ ಐಷರ್ ಕೈಗೆ ಬಂತು. ಮಾಲೀಕರು ಬದಲಾದರೂ ಎಂಜಿನ್ನಿನ ಮೂಲ ವಿನ್ಯಾಸ ಐವತ್ತರ ದಶಕದ್ದೇ ಆಗಿತ್ತು.

ಈಗ ಅದೇ ಕಾಲದ ಯಮಹಾ ಆರ್‌ಎಕ್ಸ್ 100 ಪಕ್ಕಕ್ಕಿಡೋಣ. 98 ಸಿಸಿ, 50 ಮಿ.ಮೀ. ಬೋರ್, 50 ಮಿ.ಮೀ. ಸ್ಟ್ರೋಕ್, 7500 ಸುತ್ತಿನಲ್ಲಿ 11 ಬಿಎಚ್‌ಪಿ, ತೂಕ ನೂರು ಕಿಲೋಗೆ ತುಸು ಮೇಲೆ. ಒಂದು ಟನ್ ತೂಕಕ್ಕೆ ಎಷ್ಟು ಬಿಎಚ್‌ಪಿ ಎಂದು ಲೆಕ್ಕ ಹಾಕಿದರೆ ಬುಲೆಟ್ಟಿಗೆ 110, ಆರ್‌ಎಕ್ಸ್‌ಗೆ 107. ಹೆಚ್ಚುಕಡಿಮೆ ಸಮ. ಜಾಲಹಳ್ಳಿ ಕ್ರಾಸ್ ಸಿಗ್ನಲ್ಲಿನಲ್ಲಿ ಆರ್‌ಎಕ್ಸ್ ಮುಂದೆ ಹಾರಿ ಹೋಗುತ್ತಿದ್ದುದನ್ನು ಕಂಡವರು ಬುಲೆಟ್ಟಿನ ಪಿಕಪ್ಪನ್ನು ಹಳಿದದ್ದು ಸಹಜ.

ಆದರೆ 18 ಎಂಬ ಅಂಕಿ 5625 ಸುತ್ತಿನದು. ಬುಲೆಟ್ಟನ್ನು ಆ ಸುತ್ತಿನಲ್ಲಿ ದಿನವೂ ಓಡಿಸುವವರು ಯಾರೂ ಇಲ್ಲ. ಓಡಿಸಿದರೆ ಗಾಡಿ ಬಹಳ ದಿನ ಉಳಿಯುವುದೂ ಇಲ್ಲ. ಕೇಳಬೇಕಾದ ಪ್ರಶ್ನೆ, 3000 ಸುತ್ತಿನಲ್ಲಿ ಎಷ್ಟು ಸಿಗುತ್ತದೆ ಎಂಬುದು. ಟಾರ್ಕನ್ನು ಸುತ್ತಿನಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. 27 ನ್ಯೂಟನ್ ಮೀಟರ್ 3000 ಸುತ್ತಿನಲ್ಲಿ ಹನ್ನೊಂದು ಬಿಎಚ್‌ಪಿಗೆ ಸ್ವಲ್ಪ ಮೇಲೆ ಬರುತ್ತದೆ. ಅಂದರೆ ಆರ್‌ಎಕ್ಸ್ 7500 ಸುತ್ತು ಕಿರುಚಿ ಕೊಡುವ ಪೂರ್ತಿ ಶಕ್ತಿಯನ್ನು ಬುಲೆಟ್ ಅದರ ಅರ್ಧಕ್ಕಿಂತ ಕಡಿಮೆ ಸುತ್ತಿನಲ್ಲೇ ಕೊಟ್ಟುಬಿಡುತ್ತದೆ. ಟಾಪ್ ಗೇರ್‌ನಲ್ಲಿ 3000 ಸುತ್ತು ಎಂದರೆ ಗಂಟೆಗೆ ಸುಮಾರು 70 ಕಿಲೋಮೀಟರ್. ಬುಲೆಟ್ ಓಡಿಸುವವರೆಲ್ಲ ಅರವತ್ತೈದು–ಎಪ್ಪತ್ತರಲ್ಲಿ ಗಾಡಿ ‘ಸೆಟ್ ಆಗುತ್ತೆ’ ಎನ್ನುವುದು ಬರೀ ಅಭಿಮಾನದ ಮಾತಲ್ಲ. ಟಾರ್ಕ್ ಹೆಚ್ಚಿರುವ ಜಾಗ ಅದೇ.

ತೂಕದ ಲೆಕ್ಕವೂ ಖಾಲಿ ಗಾಡಿಯಲ್ಲಿ ಕಂಡಂತೆ ಉಳಿಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೂತು ಹೊರಟರೆಂದುಕೊಳ್ಳಿ, 150 ಕಿಲೋ ಸೇರಿತು. ಈಗ ಟನ್ನಿಗೆ ಬುಲೆಟ್ಟಿನದು 57 ಬಿಎಚ್‌ಪಿ, ಆರ್‌ಎಕ್ಸ್‌ನದು 43. ಖಾಲಿ ಗಾಡಿಯಲ್ಲಿ ಸಮವಾಗಿದ್ದದ್ದು ಹೊರೆ ಏರಿದ ಕೂಡಲೇ ಬೇರೆಯಾಯಿತು. ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಸಿದ್ಧಗಂಗೆಗೋ ಶಿವಗಂಗೆಗೋ ದೇವರಾಯನದುರ್ಗಕ್ಕೋ ಹೊರಟ ಕುಟುಂಬಕ್ಕೆ ಬೇಕಿದ್ದದ್ದು ಸಿಗ್ನಲ್ಲಿನಲ್ಲಿ ಹಾರುವ ಗಾಡಿಯಲ್ಲ. ದಾಬಸ್‌ಪೇಟೆಯ ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಗೇರ್ ಇಳಿಸದೆ ಎಳೆಯುವ ಗಾಡಿ. ಸುವರ್ಣ ಚತುಷ್ಪಥ ಯೋಜನೆಗೂ ಮೊದಲಿನ ತುಮಕೂರು ರಸ್ತೆಯಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಎದುರಿನಿಂದ ಬಸ್ಸು, ಮುಂದೆ ಲಾರಿ, ಮಣ್ಣಿನ ಅಂಚು. ಓವರ್‌ಟೇಕ್ ಮಾಡುವ ಅವಕಾಶ ಸಿಕ್ಕರೆ ಆ ಕ್ಷಣದಲ್ಲೇ ಬಲ ಬೇಕು, ಸುತ್ತು ಏರುವವರೆಗೆ ಕಾಯಲಾಗದು.

ಈ ಗುಣದ ಮೂಲ ಆ 90 ಮಿ.ಮೀ. ಸ್ಟ್ರೋಕ್. ಬೋರಿಗಿಂತ ಸ್ಟ್ರೋಕ್ ಉದ್ದವಿರುವ ಎಂಜಿನ್ ಕೆಳಸುತ್ತಿನಲ್ಲಿ ಚೆನ್ನಾಗಿ ಉಸಿರಾಡುತ್ತದೆ. ಅದಕ್ಕೆ ತೆರುವ ಬೆಲೆ ಪಿಸ್ಟನ್ನಿನ ವೇಗ. 3000 ಸುತ್ತಿನಲ್ಲಿ ಬುಲೆಟ್ಟಿನ ಪಿಸ್ಟನ್ ಸರಾಸರಿ ಸೆಕೆಂಡಿಗೆ 9 ಮೀಟರ್ ಓಡುತ್ತದೆ. 5625 ಸುತ್ತಿಗೆ ಹೋದರೆ ಹದಿನೇಳು ಮೀಟರಿನ ಹತ್ತಿರ. ಆರ್‌ಎಕ್ಸ್‌ನ ಗಿಡ್ಡ ಸ್ಟ್ರೋಕಿನ ಪಿಸ್ಟನ್ 7500 ಸುತ್ತಿನಲ್ಲೂ ಹನ್ನೆರಡೂವರೆ ಮೀಟರ್ ಮಾತ್ರ. ಹಾಗಾಗಿ ಬುಲೆಟ್ ತೊಂಬತ್ತು ದಾಟಿದಾಗ ಹ್ಯಾಂಡಲ್ಲಿನಲ್ಲಿ, ಫುಟ್‌ರೆಸ್ಟಿನಲ್ಲಿ ಏಳುವ ನಡುಕವನ್ನು ದೂಷಿಸುವ ಬದಲು ಸೂಚನೆ ಎಂದು ತಿಳಿಯುವುದು ಒಳ್ಳೆಯದು. ನೂರರ ಆಚೆಗೂ ಹೋಗಬಲ್ಲ ಗಾಡಿ ಇದು. ಆದರೆ ಅದರ ಜಾಗ ಅಲ್ಲಲ್ಲ.

ಆ ಹೆಸರಾಂತ ‘ಡಗ್ ಡಗ್’ ಶಬ್ದದ ಲೆಕ್ಕವೂ ಇಲ್ಲೇ ಇದೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. 3000 ಸುತ್ತಿನಲ್ಲಿ ಸೆಕೆಂಡಿಗೆ 25 ಹೊಡೆತ. ಗಂಟೆಗೆ 70ರ ವೇಗದಲ್ಲಿ ರಸ್ತೆ ಮೇಲೆ ಅಳೆದರೆ ಮುಕ್ಕಾಲು ಮೀಟರಿಗೆ ತುಸು ಹೆಚ್ಚು ದೂರಕ್ಕೆ ಒಂದೊಂದು ಹೊಡೆತ. ಪ್ರತಿ ಸುತ್ತಿಗೂ ಉರಿಯುವ ಟೂ ಸ್ಟ್ರೋಕ್ ಆರ್‌ಎಕ್ಸ್ ಏರಿದ ಸುತ್ತಿನಲ್ಲಿ ಸೆಕೆಂಡಿಗೆ 125 ಸಲ ಉರಿಯುತ್ತದೆ, ಕಿವಿಗೆ ಅದು ಒಂದೇ ಸ್ವರ. ಬುಲೆಟ್ಟಿನಲ್ಲಿ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳುತ್ತದೆ, ಒಂದೊಂದೂ ಸೀಟಿನವರೆಗೆ ಬರುತ್ತದೆ.

ಹಾಗಾದರೆ ಬುಲೆಟ್ ಕ್ರೂಸರ್ ಗಾಡಿಯೇ? ಆಕಾರ ನೋಡಿದರೆ ಅಲ್ಲ. ಕ್ರೂಸರ್ ಎಂದರೆ ತಗ್ಗಿದ ಸೀಟು, ಮುಂದಕ್ಕೆ ಚಾಚಿದ ಕಾಲು, ಮುಂದಕ್ಕೆ ವಾಲಿದ ಫೋರ್ಕ್, ಉದ್ದ ವೀಲ್‌ಬೇಸ್. ಬುಲೆಟ್ಟಿನ ವೀಲ್‌ಬೇಸ್ 1370 ಮಿ.ಮೀ., ಕೂರುವ ಭಂಗಿ ನೆಟ್ಟಗಿನದು. ಆದರೆ ತೊಂಬತ್ತರ ದಶಕದ ನಡುವೆ ಹೊರದೇಶಗಳಲ್ಲಿ ಕ್ರೂಸರ್ ತಯಾರಕರು ಏನು ಮಾಡುತ್ತಿದ್ದರು ಎಂದು ನೋಡಿದರೆ ಈ ಪ್ರಶ್ನೆ ಇನ್ನೊಂದು ದಿಕ್ಕಿಗೆ ತಿರುಗುತ್ತದೆ.

1995ರಲ್ಲಿ ಹೋಂಡಾ ತನ್ನ 1100 ಸಿಸಿ ಶ್ಯಾಡೋ ಗಾಡಿಯ ಎಸಿಇ ಎಂಬ ಹೊಸ ಮಾದರಿ ತಂದಿತು. ಅದರ ವಿ-ಟ್ವಿನ್ ಎಂಜಿನ್ನಿಗೆ ಎರಡೂ ಕನೆಕ್ಟಿಂಗ್ ರಾಡ್ ಒಂದೇ ಕ್ರ್ಯಾಂಕ್ ಪಿನ್ನಿನಲ್ಲಿ ಕೂರುವ ಹೊಸ ಕ್ರ್ಯಾಂಕ್ ಹಾಕಿತು. ನಡುಕ ಹೆಚ್ಚಾಯಿತು, ಶಕ್ತಿ ಕಡಿಮೆಯಾಯಿತು. ಹಾರ್ಲೆಯ ಹಾಗೆ ಬಿಡಿಬಿಡಿಯಾದ ಹೊಡೆತ ಬಂತು, ಬೇಕಿದ್ದದ್ದೇ ಅದು. 1996ರ ಯಮಹಾ ರಾಯಲ್ ಸ್ಟಾರ್ ಕೂಡ ಹಾಗೆಯೇ, 1294 ಸಿಸಿಯ ವಿ-4 ಎಂಜಿನ್ನನ್ನು ಬೇಕೆಂದೇ ಇಳಿಸಿ 74 ಅಶ್ವಶಕ್ತಿಗೆ ತಂದು ಕೂರಿಸಿದರು. ಜಗತ್ತಿನ ಅತ್ಯಂತ ನುರಿತ ಎಂಜಿನಿಯರುಗಳು ಆ ವರ್ಷಗಳಲ್ಲಿ ದುಡ್ಡು ಸುರಿದು ಹುಡುಕುತ್ತಿದ್ದ ಗುಣ ಚೆನ್ನೈನ ತಿರುವೊತ್ತಿಯೂರು ಕಾರ್ಖಾನೆಯ ಹಳೆಯ ಎಂಜಿನ್ನಿನಲ್ಲಿ ಯಾವ ಹೊಸ ಪ್ರಯತ್ನವೂ ಇಲ್ಲದೆ ಉಳಿದುಕೊಂಡಿತ್ತು. ಬುಲೆಟ್ಟಿನ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದು ಎಂದು ನನಗನ್ನಿಸುತ್ತದೆ.

ಹಾಗೆಂದು ಎಲ್ಲದರಲ್ಲೂ ಸಮ ಎಂದಲ್ಲ. ಯಮಹಾ ವಿರಾಗೊ 535 ಆ ಕಾಲದ ಜನಪ್ರಿಯ ಮಧ್ಯಮ ಕ್ರೂಸರ್: 76 ಮಿ.ಮೀ. ಬೋರ್, 59 ಮಿ.ಮೀ. ಸ್ಟ್ರೋಕಿನ ಎರಡು ಸಿಲಿಂಡರ್, ಚೈನಿನ ಬದಲು ಶಾಫ್ಟ್, ಮುಂದೆ ಡಿಸ್ಕ್ ಬ್ರೇಕ್, ಐದು ಗೇರ್, ನಲವತ್ತೈದರ ಆಸುಪಾಸು ಅಶ್ವಶಕ್ತಿ. ತೊಂಬತ್ತರ ದಶಕದಲ್ಲೇ ನಮ್ಮ ಎನ್‌ಫೀಲ್ಡ್ ಕೂಡ ಎತ್ತರದ ಹ್ಯಾಂಡಲ್, ಮೆಟ್ಟಿಲು ಸೀಟು ಇಟ್ಟು ಲೈಟ್ನಿಂಗ್ 535 ಎಂಬ ಕ್ರೂಸರ್ ಮಾಡಿತು. ಅದರ ಎಂಜಿನ್ 87 ಮಿ.ಮೀ. ಬೋರ್, ಅದೇ 90 ಮಿ.ಮೀ. ಸ್ಟ್ರೋಕ್, ಒಂದೇ ಸಿಲಿಂಡರ್. ಎರಡೂ ಕಡೆ ಸರಿಯಾಗಿ 535 ಸಿಸಿ. ಆದರೆ ಲೈಟ್ನಿಂಗಿನ ಶಕ್ತಿ ಮೂವತ್ತು ಬಿಎಚ್‌ಪಿಯನ್ನೂ ಮುಟ್ಟಲಿಲ್ಲ. ಸಿಸಿ ಒಂದೇ ಇದ್ದ ಮಾತ್ರಕ್ಕೆ ಗಾಡಿ ಒಂದೇ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಭಾರತದಲ್ಲಿ ಕ್ರೂಸರ್ ಎಂಬ ಹೆಸರಿಟ್ಟುಕೊಂಡೇ ಗಾಡಿಗಳು ನೆಲೆಯೂರಿದ್ದು ಎಲಿಮಿನೇಟರ್, ಥಂಡರ್‌ಬರ್ಡ್ ಬಂದ ಮೇಲೆ, 2000ದ ನಂತರ.

ಬುಲೆಟ್ಟಿನ ನಿಜವಾದ ದೌರ್ಬಲ್ಯ ಶಕ್ತಿಯಲ್ಲಿರಲಿಲ್ಲ, ಬ್ರೇಕಿನಲ್ಲಿತ್ತು. ಮುಂದೆ 7 ಇಂಚಿನ ಡ್ರಮ್, ಹಿಂದೆ 6 ಇಂಚಿನದು. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಇಬ್ಬರು ಕೂತ ಬುಲೆಟ್ ಮುನ್ನೂರು ಕಿಲೋ ದಾಟುತ್ತದೆ. ಮಳೆಯಲ್ಲಿ ಡ್ರಮ್ಮಿಗೆ ನೀರು ಹೊಕ್ಕರೆ ಮೊದಲ ಹಿಡಿತಕ್ಕೆ ಏನೂ ಸಿಗುವುದಿಲ್ಲ, ಎರಡನೆಯದಕ್ಕೆ ಒಮ್ಮೆಲೇ ಕಚ್ಚುತ್ತದೆ. ಅನುಭವಿ ಬುಲೆಟ್ ಸವಾರರು ಎಂಜಿನ್ ಬ್ರೇಕಿಂಗ್ ಮೇಲೆ ಬದುಕುತ್ತಿದ್ದರು. ಥ್ರಾಟಲ್ ಬಿಟ್ಟ ಕೂಡಲೇ ಆ ದೊಡ್ಡ ಪಿಸ್ಟನ್ ಗಾಡಿಯನ್ನು ಹಿಡಿದುಕೊಳ್ಳುತ್ತಿತ್ತು. ಅದು ಚತುರತೆ ಹೌದು, ಆದರೆ ಸವಾರನ ಚತುರತೆ ಬ್ರೇಕಿನ ಕೊರತೆ ತುಂಬಬೇಕಾಗಿ ಬಂದದ್ದನ್ನು ಗುಣ ಎಂದು ನಾನು ಬರೆಯಲಾರೆ. ತುಮಕೂರು ರಸ್ತೆಯ ಇಂದಿನ ಮೇಲ್ಸೇತುವೆಯ ವೇಗದಲ್ಲಿ ಹಳೆಯ ಬುಲೆಟ್ ಓಡಿಸುವವರು ಮುಂದಿನ ವಾಹನದಿಂದ ದೂರ ಇಟ್ಟುಕೊಳ್ಳುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಎಡಗಾಲಿಗೆ ಬ್ರೇಕ್ ಇರುವುದು ಇನ್ನೊಂದು ಅಪಾಯ: ಮನೆಯಲ್ಲಿ ಹೊಸ ಗಾಡಿಯೂ ಇದ್ದವರು ಗಾಬರಿಯಲ್ಲಿ ಬಲಗಾಲು ಒತ್ತಿಬಿಡುತ್ತಾರೆ, ಅಲ್ಲಿ ಸಿಗುವುದು ಗೇರ್.

ಕನ್ನಡ ನಾಡಿನದೇ ಗಾಡಿಯನ್ನು ಈ ಲೆಕ್ಕದಿಂದ ಹೊರಗಿಡುವಂತಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್ 250 ಸಿಸಿಯ ಟೂ ಸ್ಟ್ರೋಕ್, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, 16 ಬಿಎಚ್‌ಪಿ, ಸುಮಾರು 140 ಕಿಲೋ. ಇಬ್ಬರು ಕೂತ ಲೆಕ್ಕದಲ್ಲಿ ಬುಲೆಟ್ಟಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಸುತ್ತಿಗೂ ಉರಿಯುವುದರಿಂದ ಎಳೆತ ಇನ್ನೂ ನಯ. ಗಟ್ಟಿತನದಲ್ಲಿ ಬುಲೆಟ್ಟಿಗಿಂತ ಮೇಲು ಎಂದು ವಾದಿಸುವವರು ಎಂಟನೇ ಮೈಲಿಯಲ್ಲೂ ಸಿಗುತ್ತಾರೆ, ಅವರ ವಾದ ಹಗುರವಾದದ್ದಲ್ಲ. ಕಿಕ್ಕರ್ ಲಿವರನ್ನೇ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವ ಆ ವಿನ್ಯಾಸ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಥ್ರಾಟಲ್ ಬಿಟ್ಟಾಗ ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು, ಹೊಗೆ ತಪ್ಪದು. 1996ರಲ್ಲಿ ಬೈಕುಗಳ ಹೊಗೆ ನಿಯಮ ಬಿಗಿಯಾಯಿತು: ಕಿಲೋಮೀಟರಿಗೆ ಇಂಗಾಲದ ಮೊನಾಕ್ಸೈಡ್ 4.5 ಗ್ರಾಂ ಮೀರಬಾರದು. ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳ ಪೈಪೋಟಿಯಲ್ಲಿ ಆಗಲೇ ಸೋತಿದ್ದ ಮೈಸೂರಿನ ಕಾರ್ಖಾನೆ ಅದೇ ವರ್ಷ ಮುಚ್ಚಿತು. ಬುಲೆಟ್ ಉಳಿದದ್ದರಲ್ಲಿ ಫೋರ್ ಸ್ಟ್ರೋಕ್ ಎಂಬ ಒಂದೇ ಸಂಗತಿಯ ಪಾಲು ದೊಡ್ಡದು.

ಇಷ್ಟೆಲ್ಲ ಕಾಗದದ ಲೆಕ್ಕ. ಮೂವತ್ತು ವರ್ಷ ಓಡಿದ ಗಾಡಿಗೆ ಆ ಲೆಕ್ಕ ಎಷ್ಟು ಅನ್ವಯಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಪೀಣ್ಯದಲ್ಲೇ ಸಿಗುವುದು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಸ್ಥೆ ಸಿಎಂಟಿಐ ಬಂತು, ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಮೈಕ್ರಾನ್ ಲೆಕ್ಕದಲ್ಲಿ ಯೋಚಿಸುವ ಕೈಗಳು ಈ ಆಸುಪಾಸಿನಲ್ಲಿ ಎರಡು ಮೂರು ತಲೆಮಾರಿನಿಂದ ತಯಾರಾಗಿವೆ. ದೊಡ್ಡ ಕಂಪನಿಗಳ ಜಾಬ್ ವರ್ಕ್ ಮಾಡುವ ಅದೇ ಬಗೆಯ ಮಷಿನ್ನುಗಳ ಮೇಲೆ ಬುಲೆಟ್ಟಿನ ಬ್ಯಾರಲ್ ಕೂಡ ಏರುತ್ತದೆ.

ಬೋರ್ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದ ಕಬ್ಬಿಣದ ಬ್ಯಾರಲ್ ಒಳಗೆ ಬೆರಳಾಡಿಸಿದರೆ ಮೇಲಂಚಿನ ಹತ್ತಿರ ಒಂದು ಏಣು ಸಿಗುತ್ತದೆ. ಮೇಲಿನ ರಿಂಗ್ ಅಲ್ಲಿಯವರೆಗೆ ಬಂದು ತಿರುಗುತ್ತದೆ. ಅದರ ಕೆಳಗೆ ಸವೆದಿದೆ, ಮೇಲೆ ಸವೆದಿಲ್ಲ. ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಮೂರು ಮಟ್ಟದಲ್ಲಿ ಓದುತ್ತಾರೆ. ಮತ್ತೆ ಗೇಜನ್ನು ಕಾಲು ಸುತ್ತು ತಿರುಗಿಸಿ ಮೂರೂ ಕಡೆ ಓದುತ್ತಾರೆ. ಪಿಸ್ಟನ್ ಒತ್ತುವ ದಿಕ್ಕಿನಲ್ಲಿ ಸವೆತ ಹೆಚ್ಚು, ಹಾಗಾಗಿ ದುಂಡಗಿದ್ದ ಬೋರ್ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಒಳ್ಳೆಯ ಬೋರಿಂಗ್ ಕೆಲಸಗಾರ ಪಿಸ್ಟನ್ ಕೈಗೆ ಬಾರದೆ ಮಷಿನ್ ಹಚ್ಚುವುದಿಲ್ಲ. ಓವರ್‌ಸೈಜ್ ಎಂದು ಡಬ್ಬದ ಮೇಲೆ ಬರೆದದ್ದನ್ನು ನಂಬದೆ ಪಿಸ್ಟನ್ನಿನ ಕೆಳಭಾಗವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಆ ಅಳತೆಗೆ ಬೋರ್ ಕೊಡುತ್ತಾನೆ. ಕೊನೆಯ ಒಂದೆರಡು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಹೋನಿಂಗಿಗೆ ಬಿಟ್ಟು, ಎಣ್ಣೆ ನಿಲ್ಲುವಂತೆ ಗೋಡೆಯ ಮೇಲೆ ಅಡ್ಡಗೆರೆ ಎಳೆಯುತ್ತಾನೆ. ಆಮೇಲೆ ರಿಂಗನ್ನು ಬೋರಿನೊಳಗೆ ಇಳಿಸಿ ಅದರ ಬಾಯಿಗೆ ಫೀಲರ್ ಗೇಜ್ ಹಾಕಿ ನೋಡುತ್ತಾನೆ.

ಇದರಿಂದ ಸ್ಪೆಸಿಫಿಕೇಶನ್ನೇ ಬದಲಾಗುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ನಲವತ್ತು ಥೌ ಬೋರ್ ಆದ ಬುಲೆಟ್ 346 ಅಲ್ಲ, 356 ಸಿಸಿ. ಅರವತ್ತು ಥೌ ಆದರೆ 361. ಅಲ್ಲಿಗೆ ಸಾಮಾನ್ಯವಾಗಿ ಬ್ಯಾರಲ್ಲಿನ ಕಥೆ ಮುಗಿಯಿತು. ಹೊಸ ಸ್ಲೀವ್ ಒತ್ತಿ ಮತ್ತೆ ಸ್ಟ್ಯಾಂಡರ್ಡ್ 70ಕ್ಕೆ ತರಬೇಕು. ಕ್ರ್ಯಾಂಕಿನ ಕೆಲಸ ಇನ್ನೂ ಸೂಕ್ಷ್ಮ. ಆ ಕಾಲದ ಬುಲೆಟ್ಟಿನ ಬಿಗ್ ಎಂಡ್‌ನಲ್ಲಿ ಇದ್ದದ್ದು ತೇಲುವ ಬುಶ್, ರೋಲರ್ ಬೇರಿಂಗ್ ಅಲ್ಲ. ಎಣ್ಣೆ ಒತ್ತಡ ಸರಿಯಿದ್ದಷ್ಟು ದಿನ ಅದು ಸದ್ದಿಲ್ಲದೆ ಓಡುತ್ತದೆ. ಎಣ್ಣೆ ಕಡಿಮೆಯಾದರೂ ಓಡಿಸಿದರೆ ಬಡಿಯಲು ಶುರು. ಕ್ರ್ಯಾಂಕ್ ಬಿಚ್ಚಿ ಪಿನ್ ಬದಲಿಸಿ, ಮತ್ತೆ ಜೋಡಿಸಿ, ಎರಡು ಸೆಂಟರ್ ನಡುವೆ ತಿರುಗಿಸಿ ಡಯಲ್ ಮುಳ್ಳು ನೋಡುತ್ತ ತಾಮ್ರದ ಸುತ್ತಿಗೆಯಿಂದ ತಟ್ಟಿ ನೇರ ಮಾಡುವ ಕೈ ಎಲ್ಲರಿಗೂ ಬರುವುದಿಲ್ಲ. ಹಳೆಯ ಬುಲೆಟ್ಟಿನ ನಡುಕ ಹೆಚ್ಚಿದ್ದರೆ ನಾನು ಮೊದಲು ಅನುಮಾನಿಸುವುದು ವಿನ್ಯಾಸವನ್ನಲ್ಲ, ಹಿಂದೊಮ್ಮೆ ಅವಸರದಲ್ಲಿ ಕೂಡಿಸಿದ ಕ್ರ್ಯಾಂಕನ್ನು.

ಸ್ಟಾರ್ಟ್ ಮಾಡುವ ಕ್ರಮವೂ ಗಾಡಿಯ ಸ್ಥಿತಿಯನ್ನು ಹೇಳುತ್ತದೆ. ಕೀ ಆನ್ ಮಾಡಿ ಕಿಕ್ಕರ್ ನಿಧಾನ ಒತ್ತುತ್ತ ಆ್ಯಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಹೋಗಬೇಕು. ಪಾಯಿಂಟ್ ತೆರೆಯಿತು ಎಂದರ್ಥ. ಆಗ ಡಿಕಂಪ್ರೆಸರ್ ಹಿಡಿದು ಪಿಸ್ಟನ್ನನ್ನು ಸ್ವಲ್ಪ ದಾಟಿಸಿ, ಬಿಟ್ಟು, ಪೂರ್ತಿ ಕಿಕ್ ಹೊಡೆಯಬೇಕು. ಹೀಗೆ ಮಾಡಿದಾಗ ಸರಿಯಿರುವ ಗಾಡಿ ಎರಡು ಕಿಕ್ಕಿಗೆ ಮಾತಾಡುತ್ತದೆ. ಮಾತಾಡದಿದ್ದರೆ ಪಾಯಿಂಟ್ ಗ್ಯಾಪ್, ಟೈಮಿಂಗ್, ಟ್ಯಾಪೆಟ್ ಈ ಮೂರನ್ನು ನೋಡದೆ ಎಂಜಿನ್ ಬಿಚ್ಚಿಸುವುದು ದುಡ್ಡಿನ ದಂಡ.

ಇಂದಿನ ದಾಸರಹಳ್ಳಿ ಈ ಎಂಜಿನ್ನಿಗೆ ಒಗ್ಗುವ ಜಾಗವಲ್ಲ. ಗೊರಗುಂಟೆಪಾಳ್ಯದಿಂದ ಎಂಟನೇ ಮೈಲಿಯವರೆಗೆ ಸಂಜೆ ಹೊತ್ತು ಇಂಚಿಂಚು ಸರಿಯುವಾಗ ಗಾಳಿಯಿಂದ ತಂಪಾಗುವ ಕಬ್ಬಿಣದ ಬ್ಯಾರಲ್ಲಿಗೆ ಗಾಳಿಯೇ ಇಲ್ಲ. ಕ್ಲಚ್ ಬಿಸಿಯಾಗಿ ಎಳೆಯಲು ಶುರುವಾಗುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ದಿನದ ಓಡಾಟಕ್ಕೆ ತಲೆ ಮೇಲೆ ಮೆಟ್ರೊ ಇದೆ, ನಾಗಸಂದ್ರದವರೆಗೆ 2015ರಿಂದ ಓಡುತ್ತಿದೆ. ಬುಲೆಟ್ಟನ್ನು ಭಾನುವಾರ ನಸುಕಿಗೆ ನೆಲಮಂಗಲದ ಕಡೆ ತೆಗೆಯುವುದೇ ಅದಕ್ಕೆ ತಕ್ಕ ಬಳಕೆ. ಲೀಟರಿಗೆ ಮೂವತ್ತರಿಂದ ಮೂವತ್ತೈದು ಕಿಲೋಮೀಟರ್ ಕೊಟ್ಟರೆ ತುಂಬಿದ ಟ್ಯಾಂಕಿಗೆ ನಾನೂರಕ್ಕೂ ಹೆಚ್ಚು ದೂರ. ಆ ವಯಸ್ಸಿಗೆ ಇದು ಸಾಕು. ದಾಖಲೆಯ ಕಡೆಯಿಂದ, 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ಆರ್‌ಸಿ ನವೀಕರಿಸಬೇಕು. 2022ರಲ್ಲಿ ಬೈಕಿನ ಶುಲ್ಕ 300ರಿಂದ 1000 ರೂಪಾಯಿಗೆ ಏರಿತು.

ಈಗ ಈ ಗಾಡಿಗಳ ಮುಂದಿರುವ ಹೊಸ ಸಮಸ್ಯೆ ಪೆಟ್ರೋಲಿನದು. ಬಂಕುಗಳಲ್ಲಿ ಇವತ್ತು ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಇಂಧನ. ಎಥನಾಲಿನ ಶಾಖ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮಿಶ್ರಣದಲ್ಲಿ ನೂರಕ್ಕೆ ಆರೇಳು ಪಾಲು ಕಡಿಮೆಯಾಗುತ್ತದೆ. ಸೆನ್ಸರ್ ಇರುವ ಹೊಸ ಗಾಡಿ ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರ್ ಹಾಗೆ ಮಾಡಲಾರದು. ಗಾಳಿ ಮತ್ತು ಇಂಧನದ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿ ಹೆಚ್ಚುತ್ತದೆ, ಸೈಲೆನ್ಸರಿನ ಬೆಂಡ್ ನೀಲಿಗೆ ತಿರುಗುತ್ತದೆ. ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ, ನೂರು ಕಿಲೋಮೀಟರ್ ಓಡಿಸಿ ಪ್ಲಗ್ಗಿನ ಬಣ್ಣ ನೋಡಬೇಕು: ಬೂದು ಬಿಳಿಯಾದರೆ ಇನ್ನೂ ತೆಳು, ಕಂದು ಬಂದರೆ ಸರಿ. ಪೆಟ್ರೋಲ್ ಪೈಪು, ಟ್ಯಾಂಕಿನ ಕಾಕ್ ವಾಷರ್, ಫ್ಲೋಟ್ ಬೌಲಿನ ಗ್ಯಾಸ್ಕೆಟ್ ಎಲ್ಲವನ್ನೂ ಎಥನಾಲ್ ತಡೆಯುವ ರಬ್ಬರಿಗೆ ಬದಲಿಸಬೇಕು. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಬೌಲಿನಲ್ಲಿರುವ ಪೆಟ್ರೋಲ್ ಉರಿದು ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ತಳ ಒಳಗಿನಿಂದ ತುಕ್ಕು ಹಿಡಿಯುತ್ತದೆ.